ಕರೆಂಟ್ ಕಂಪನಿ ಕೈ ಬದಲಾದರೆ ನಮ್ಮ ಮನೆಗೇನಾಗುತ್ತದೆ?

(ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ಭಾಷಣ ಮಾಡಿ ಅಭ್ಯಾಸ ಇದ್ದವನಲ್ಲ, ಸರ್ಕಾರಿ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತು ಬಂದವನು. ಗೊತ್ತಿದ್ದಷ್ಟು ಹೇಳುತ್ತೇನೆ.

ಹೋದ ತಿಂಗಳು ಅಮ್ಮ ಫೋನಿನಲ್ಲಿ ಕೇಳಿದರು: "ಕರೆಂಟ್ ಎಲ್ಲ ಪ್ರೈವೇಟ್ ಆಗ್ತದಂತೆ, ಹೌದಾ ಮಗಾ? ಬಿಲ್ ಜಾಸ್ತಿ ಬರ್ತದಾ?"

ನಮ್ಮ ಹಿರಿಯರು ಈಗಲೂ ಕೆ.ಇ.ಬಿ. ಅನ್ನುತ್ತಾರೆ. ಆ ಮಂಡಳಿ ಹೋಗಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಬಂತು. 2002ರಲ್ಲಿ ಹಂಚುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂದು ಬೇರೆಯಾಯಿತು. ಹೆಸರಿಗೆ ಕಂಪನಿ, ಒಡೆತನ ಸರ್ಕಾರದ್ದೇ. ಇಲ್ಲಿಯ ಕಹ್ರಮಾ ಕೂಡ ಸರ್ಕಾರಿ ಸಂಸ್ಥೆಯೇ. ಆದರೆ 2022ರ ಆಗಸ್ಟಿನಲ್ಲಿ ಲೋಕಸಭೆಗೆ ಬಂದ ವಿದ್ಯುತ್ ತಿದ್ದುಪಡಿ ಮಸೂದೆಯಲ್ಲಿ, ಇದ್ದ ತಂತಿಯಲ್ಲೇ ಬೇರೆ ಕಂಪನಿಗಳೂ ಕರೆಂಟ್ ಹಂಚುವುದಕ್ಕೆ ದಾರಿ ಇತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು. ಹಾಗಾಗಿ ಅಮ್ಮನ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಪ್ರೈವೇಟಿನಲ್ಲೂ ಬೇರೆ ಬೇರೆ ತರ ಇದೆ. ಪ್ರೈವೇಟ್ ಈಕ್ವಿಟಿ ಅನ್ನುವುದು ಒಂದು. ಪಿಂಚಣಿ ನಿಧಿಗಳ, ಶ್ರೀಮಂತರ ಹಣ ಒಟ್ಟು ಮಾಡಿ, ಅದರ ಮೇಲೆ ಸಾಲ ಎತ್ತಿ ಕಂಪನಿ ಕೊಳ್ಳುತ್ತಾರೆ. ಕೆಲವು ವರ್ಷ ಬಿಟ್ಟು ಲಾಭಕ್ಕೆ ಮಾರುತ್ತಾರೆ. ಸಾಲ ಹೆಚ್ಚಾಗಿ ಕೊಂಡ ಕಂಪನಿಯ ತಲೆ ಮೇಲೆಯೇ ಬೀಳುತ್ತದೆ. ಅಮೆರಿಕದ ಟೆಕ್ಸಸ್‌ನಲ್ಲಿ ಟಿ.ಎಕ್ಸ್.ಯು. ಎಂಬ ಕಂಪನಿಯನ್ನು 2007ರಲ್ಲಿ ಸುಮಾರು 45 ಬಿಲಿಯನ್ ಡಾಲರಿಗೆ ಹೀಗೆ ಕೊಂಡರು. ಗ್ಯಾಸ್ ಬೆಲೆ ಏರುತ್ತದೆ ಎಂದು ಲೆಕ್ಕ ಹಾಕಿದ್ದರು, ಅದು ಇಳಿಯಿತು. 2014ರಲ್ಲಿ ದಿವಾಳಿ. ತಂತಿ, ಕಂಬ ನೋಡುವ ಆನ್‌ಕೋರ್ ಕಂಪನಿಗೆ ಮಾತ್ರ ಆ ಸಾಲ ತಾಗದ ಹಾಗೆ ಮೊದಲೇ ಬೇಲಿ ಹಾಕಿದ್ದರು. ಅದು ಉಳಿಯಿತು.

ನಮ್ಮ ಕ್ಯಾಂಪಿನ ಗೇಟಿನಲ್ಲಿ ಉಗಾಂಡಾದ ಸೆಕ್ಯೂರಿಟಿ ಒಬ್ಬ ಇದ್ದಾನೆ. ಅವರ ದೇಶದಲ್ಲಿ 2005ರಲ್ಲಿ ಕರೆಂಟ್ ಹಂಚುವ ಕೆಲಸವನ್ನು ಇಪ್ಪತ್ತು ವರ್ಷಕ್ಕೆ ಉಮೆಮೆ ಎಂಬ ಕಂಪನಿಗೆ ಕೊಟ್ಟರು. ಅದರ ಹಿಂದೆ ಲಂಡನ್ನಿನ ಆಕ್ಟಿಸ್ ಎಂಬ ಫಂಡ್ ಇತ್ತು. ಒಳ್ಳೆಯದನ್ನೂ ಹೇಳಬೇಕು. ಸೋರಿಕೆ ನೂರಕ್ಕೆ 38ರಿಂದ ಅರ್ಧಕ್ಕಿಂತ ಕೆಳಗೆ ಬಂತು, ಸಂಪರ್ಕ ಸುಮಾರು 3 ಲಕ್ಷದಿಂದ 20 ಲಕ್ಷ ದಾಟಿತು. ಆದರೆ ಹಾಕಿದ ಬಂಡವಾಳಕ್ಕೆ ನೂರಕ್ಕೆ 20ರಷ್ಟು ಲಾಭ ಎಂದು ಒಪ್ಪಂದದಲ್ಲೇ ಬರೆದಿತ್ತು. ಅದು ಬರಬೇಕಾದದ್ದು ಜನರ ಬಿಲ್ಲಿನಿಂದಲೇ. ಆಕ್ಟಿಸ್ ನಡುವೆಯೇ ಪಾಲು ಮಾರಿ ಹೊರಟಿತು, ಒಪ್ಪಂದ ಉಳಿಯಿತು. 2025ರ ಮಾರ್ಚ್ 31ಕ್ಕೆ ಅವಧಿ ಮುಗಿದು ಸರ್ಕಾರ ವಾಪಸ್ ತಗೊಂಡಿತು. ಕಂಪನಿಗೆ ಎಷ್ಟು ಕೊಡಬೇಕು ಎಂಬ ಜಗಳ ಆಮೇಲೂ ಮುಗಿಯಲಿಲ್ಲ.

ಇನ್ನು ನನ್ನದೇ ಅನುಭವ. ಹಿಂದೆ ನಾನು ಮೇಂಟೆನೆನ್ಸ್ ನೋಡುತ್ತಿದ್ದ ಒಂದು ಕಟ್ಟಡಕ್ಕೆ (ಹೆಸರು ಬೇಡ) ಹೊಸ ಮಾಲೀಕರು ಬಂದರು. ಮೂರು ತಿಂಗಳಿಗೊಮ್ಮೆ ಪ್ಯಾನಲ್ ಬಿಚ್ಚಿ ನಟ್ಟು ಬಿಗಿ ಮಾಡುತ್ತಿದ್ದದ್ದು ವರ್ಷಕ್ಕೊಮ್ಮೆ ಆಯಿತು. ಆ ವರ್ಷ ದುಡ್ಡು ಉಳಿಯಿತು. ಮುಂದಿನ ಆಗಸ್ಟಿನ ಒಂದು ರಾತ್ರಿ ಸಡಿಲ ಜಾಯಿಂಟ್ ಬಿಸಿಯಾಗಿ ಕೇಬಲ್ ಸುಟ್ಟಿತು. ಎ.ಸಿ. ಇಲ್ಲದೆ ಮಕ್ಕಳು ಮರಿ ಎಲ್ಲ ಬೆಳಗಿನ ತನಕ ಹೊರಗೆ. ಬೈಗುಳ ತಿಂದವನು ನಾನು. ಐದು ವರ್ಷದಲ್ಲಿ ಮಾರುವವನಿಗೆ ಹತ್ತನೇ ವರ್ಷ ಬೀಳುವ ಕಂಬದ ಚಿಂತೆ ತಾನಾಗಿ ಬರುವುದಿಲ್ಲ. ಯಾರಾದರೂ ಕೇಳಬೇಕು.

ಕೇಳುವ ಜಾಗ ನಮಗಿದೆ. ಎಸ್ಕಾಂಗಳು ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. ಗ್ರಾಹಕರು ಆಕ್ಷೇಪಣೆ ಬರೆಯಬಹುದು, ಸಾರ್ವಜನಿಕ ವಿಚಾರಣೆಯಲ್ಲಿ ನಿಂತು ಮಾತಾಡಬಹುದು. ದೂರಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ನಾಳೆ ಒಡೆಯ ಬದಲಾದರೂ ಈ ಬಾಗಿಲು ಮುಚ್ಚದ ಹಾಗೆ ನೋಡಿಕೊಳ್ಳಬೇಕಾದವರು ನಾವೇ.

ಒಂದು ಮಾತು. ನಿಮ್ಮ ಮನೆ ಮೀಟರ್ ಯಾರ ಹೆಸರಿನಲ್ಲಿದೆ? ನಮ್ಮದು ತೀರಿಹೋದ ಅಪ್ಪನ ಹೆಸರಿನಲ್ಲೇ ಇದೆ. ಈ ರಜೆಯಲ್ಲಿ ಹೋದಾಗ ಅಮ್ಮನ ಹೆಸರಿಗೆ ಮಾಡಿಸುತ್ತೇನೆ. ನೀವೂ ನೋಡಿ. ಕೇಳುವ ದಿನ ಬಂದಾಗ ಗ್ರಾಹಕರು ನಾವೇ ಅಂತ ಹೇಳುವುದಕ್ಕೆ ಕೈಯಲ್ಲಿ ಕಾಗದ ಬೇಕು.