ಡಾಂಬರು ಮುಗಿದ ಮೇಲಿನ ದಾರಿ



ಬುಡಕಟ್ಟು ಜನರ ತುರ್ತು ಸೇವೆಗೆ ಸರ್ಕಾರ ಕೊಡುವ ಅನುದಾನದ ಬಗ್ಗೆ ಮಾತಾಡಲು ಧರ್ಮಪುರಿ ಜಿಲ್ಲೆಯ ಈ ಪಾಲಕೋಡಿಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಒಂದು ಕಡೆ ಬೆಟ್ಟಮುಗಿಲಾಳಂ, ಪೆನ್ನಾಗರಂ ಕಡೆಯ ಕಾಡು. ಅದರ ಅಂಚಿನಲ್ಲಿ ಇರುಳರ ಹಟ್ಟಿಗಳು. ಇನ್ನೊಂದು ಕಡೆ ವತ್ತಲ್‌ಮಲೈ, ಸಿತ್ತೇರಿ, ಅದಕ್ಕೂ ಆಚೆ ಸೇಲಂನ ಏರ್ಕಾಡು. ಅಲ್ಲೆಲ್ಲ ಮಲಯಾಳಿ ಬುಡಕಟ್ಟಿನವರು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಗುವವರೆಗೆ ಇದೆಲ್ಲ ಒಂದೇ ಸೇಲಂ ಜಿಲ್ಲೆ. ಗಡಿಗೆರೆಗಳು ಬದಲಾದವು. ಮೈಮೇಲೆ ಜ್ವರ ಏರಿದ ಮಗುವನ್ನು ಜೋಲಿಯಲ್ಲಿ ಹೊತ್ತು ಬೆಟ್ಟ ಇಳಿಯುವುದು ಬದಲಾಗಲಿಲ್ಲ.

2023ರ ಮೇ ತಿಂಗಳಲ್ಲಿ ವೇಲೂರು ಜಿಲ್ಲೆಯ ಅಲ್ಲೇರಿ ಬೆಟ್ಟದಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬೇಕು. ಮನೆಯ ಹೊರಗೆ ಮಲಗಿದ್ದ ಒಂದೂವರೆ ವರ್ಷದ ಮಗುವಿಗೆ ಹಾವು ಕಚ್ಚಿತು. ರಸ್ತೆಯಿಲ್ಲದ ಬೆಟ್ಟದಿಂದ ಇಳಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಶವಪರೀಕ್ಷೆ ಮುಗಿಸಿ ಹಿಂದಿರುಗುವಾಗ ಆಂಬುಲೆನ್ಸು ರಸ್ತೆ ಇರುವಷ್ಟು ದೂರ ಬಂದು ನಿಂತಿತು. ಅಲ್ಲಿಂದ ಮುಂದಕ್ಕೆ ಸುಮಾರು 10 ಕಿಲೋಮೀಟರ್ ತಾಯಿ ಮಗುವಿನ ದೇಹವನ್ನು ಎತ್ತಿಕೊಂಡು ನಡೆದಳು. ಆ ಮಗುವಿಗೆ ಬೇಕಾಗಿದ್ದ ಔಷಧಿ ದೇಶದಲ್ಲಿ ಇರಲಿಲ್ಲವೇ? ಇತ್ತು. ಆ ಔಷಧಿಗೆ ಬೇಕಾದ ಹಾವಿನ ವಿಷವನ್ನು ತೆಗೆದುಕೊಡುತ್ತಿರುವುದು 1978ರಲ್ಲಿ ಹುಟ್ಟಿದ, ಚೆನ್ನೈ ಹತ್ತಿರದ ವಡನೆಮ್ಮೇಲಿಯ ಇರುಳರ ಸಹಕಾರ ಸಂಘ. ದೇಶಕ್ಕೆಲ್ಲ ಪ್ರತಿವಿಷ ಒದಗಿಸುವುದರಲ್ಲಿ ಬುಡಕಟ್ಟಿನ ಕೈಯಿದೆ. ಬುಡಕಟ್ಟಿನ ಹಟ್ಟಿಗೆ ಅದು ಹತ್ತಿ ಬರುವುದಿಲ್ಲ. ಇದನ್ನು ಹೇಳುವಾಗ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಹಣ ಇಲ್ಲವೆಂದಲ್ಲ. 108 ಆಂಬುಲೆನ್ಸು ಸೇವೆ ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ 2008ರಲ್ಲಿ ಶುರುವಾಯಿತು. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ್ದು 40. ತೊಡಕಿರುವುದು ಅಳತೆಗೋಲಿನಲ್ಲಿ. ಲಕ್ಷ ಜನಕ್ಕೊಂದು ಸಾಮಾನ್ಯ ಆಂಬುಲೆನ್ಸು, 5 ಲಕ್ಷಕ್ಕೊಂದು ಜೀವರಕ್ಷಕ ಸಲಕರಣೆಗಳುಳ್ಳದ್ದು ಎಂಬುದು ಅಭಿಯಾನದ ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30 ಸಾವಿರ, ಬೆಟ್ಟಗಾಡಿನಲ್ಲಿ 20 ಸಾವಿರ ಜನ. ತಲೆ ಎಣಿಸುವ ಲೆಕ್ಕ ಇದು. ಒಂದು ಹಟ್ಟಿಯಲ್ಲಿ ನಲವತ್ತು ಮನೆಗಳಿದ್ದು, ಡಾಂಬರು ರಸ್ತೆಗೆ ಎರಡು ಗಂಟೆ ನಡೆಯಬೇಕಾದರೆ ಆ ಎರಡು ಗಂಟೆಯನ್ನು ಬರೆದಿಡಲು ಈ ಲೆಕ್ಕದಲ್ಲಿ ಅಂಕಣವಿಲ್ಲ. ಸರ್ಕಾರದ ಖರ್ಚು ಗಾಡಿ ಬಂದು ನಿಲ್ಲುವ ಜಾಗದಿಂದ ಶುರು. ಅದಕ್ಕೂ ಹಿಂದಿನ ದಾರಿಯ ಖರ್ಚು, ಹೊರುವವರ ಕೂಲಿ, ಸೀರೆ, ಬಿದಿರು, ಬೆಟ್ಟದಲ್ಲೇ ಸಿಗುವ ಬಾಡಿಗೆ ಜೀಪು, ಎಲ್ಲವೂ ಮನೆಯವರ ತಲೆಯ ಮೇಲೆ.

ಆ ನಡಿಗೆಯ ದಾರಿಯಲ್ಲಿ ಜೀವ ಹೇಗೆ ಹೋಗುತ್ತದೆ ನೋಡಿ. ಕಟ್ಟುಹಾವು ರಾತ್ರಿ ಹೊತ್ತು ಕಚ್ಚುತ್ತದೆ. ಗಾಯ ಕಾಣುವುದೇ ಇಲ್ಲ, ನೋವೂ ಕಡಿಮೆ. ಕೆಲವು ಗಂಟೆಗಳಲ್ಲಿ ರೆಪ್ಪೆ ಇಳಿಯುತ್ತದೆ, ಆಮೇಲೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆ ದಾರಿಯಲ್ಲಿ ಕೈಯಿಂದ ಒತ್ತುವ ಉಸಿರಾಟದ ಚೀಲವೊಂದಿದ್ದು, ಅದನ್ನು ಒತ್ತಲು ಕಲಿತ ಹಟ್ಟಿಯ ಹುಡುಗನೊಬ್ಬ ಜೊತೆಗಿದ್ದರೆ ಜೀವ ಆಸ್ಪತ್ರೆ ಮುಟ್ಟಬಹುದು. ಹೆರಿಗೆಯ ರಕ್ತಸ್ರಾವದಲ್ಲೂ ಹೀಗೆ ಕಲಿತವರೊಬ್ಬರು ದಾರಿಯಲ್ಲಿ ಜೊತೆಗಿರಬೇಕು. ತುರ್ತು ಸೇವೆಯ ಮೊದಲ ಸಿಬ್ಬಂದಿ ಹಟ್ಟಿಯವರೇ ಆಗಬೇಕು, ಅವರಿಗೆ ತಿಂಗಳ ಸಂಬಳವಾಗಬೇಕು. ಪ್ರೋತ್ಸಾಹಧನದ ಚಿಲ್ಲರೆ ಸಾಲದು.

ಹಟ್ಟಿಯವರೇ ಎಂದು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಸಿತ್ತೇರಿ ಬೆಟ್ಟದ ಬುಡದ ವಾಚಾತಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಪಡೆ ಗಂಧದ ಮರ ಹುಡುಕುವ ನೆಪದಲ್ಲಿ ನುಗ್ಗಿತು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಆ ಸಿಬ್ಬಂದಿಗೆ ಆಗಿದ್ದ ಶಿಕ್ಷೆಯನ್ನು ಮದ್ರಾಸ್ ಹೈಕೋರ್ಟ್ ಎತ್ತಿಹಿಡಿದದ್ದು 2023ರ ಸೆಪ್ಟೆಂಬರಿನಲ್ಲಿ, 31 ವರ್ಷಗಳ ನಂತರ. ಸರ್ಕಾರಿ ಗಾಡಿಯ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುವ ಅಜ್ಜಿಯರು ಈ ಜಿಲ್ಲೆಯಲ್ಲಿದ್ದರೆ ಅದು ಅವರ ಅಜ್ಞಾನವಲ್ಲ. ನಂಬಿಕೆಯ ಕೆಲಸಕ್ಕೂ ಹಣ ಬೇಕು, ಅದು ಹಟ್ಟಿಯ ಮಗಳ ಕೈಯಿಂದಲೇ ನಡೆಯಬೇಕು.

ಹಾಗಾದರೆ ಹಣ ಯಾವ ಬಾಗಿಲಿನಿಂದ ಬರಬೇಕು? ತಮಿಳುನಾಡಿನಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಲ್ಲ, ಕರ್ನಾಟಕದಲ್ಲೂ ಇಲ್ಲ. ಆ ರಕ್ಷಣೆಯಿಲ್ಲದ ಕಡೆ ರಾಜ್ಯದ ಕಾಯ್ದೆಯೇ ಆಸರೆ. ತಮಿಳುನಾಡು 2024ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಭಿವೃದ್ಧಿ ಕ್ರಿಯಾಯೋಜನೆಗೆ ಕಾಯ್ದೆ ಮಾಡಿತು. ಕರ್ನಾಟಕ ಇಂಥದ್ದನ್ನು 2013ರಲ್ಲೇ ಮಾಡಿತ್ತು. ಅಲ್ಲಿನ ಅನುಭವ ಇಲ್ಲಿಗೆ ಪಾಠ. ಎಲ್ಲರಿಗೂ ಸೇರಿದ ಕಾಮಗಾರಿಗಳ ಒಂದು ಭಾಗವನ್ನು ದಲಿತ, ಬುಡಕಟ್ಟು ವೆಚ್ಚವೆಂದು ತೋರಿಸಲು 7(ಡಿ) ಕಲಂ ಅವಕಾಶ ಕೊಟ್ಟಿತ್ತು. ಅದನ್ನು ತೆಗೆದುಹಾಕಲು 2023 ಬರಬೇಕಾಯಿತು. ಹೆದ್ದಾರಿಯ ಲೆಕ್ಕದಲ್ಲಿ ಬುಡಕಟ್ಟಿನ ಪಾಲು ಕರಗದಂತೆ ಇಲ್ಲಿ ಮೊದಲ ವರ್ಷದಿಂದಲೇ ಕಣ್ಣಿಡಬೇಕು.

ವಿಪತ್ತು ನಿಧಿಯ ಬಾಗಿಲೂ ಇದೆ. ಕೇಂದ್ರ 75, ರಾಜ್ಯ 25ರಂತೆ ಕೂಡಿಸುವ ಆ ನಿಧಿಯಲ್ಲಿ ಶೇಕಡಾ 10ರಷ್ಟನ್ನು ರಾಜ್ಯ ತಾನೇ ಗುರುತಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು. ಉತ್ತರ ಪ್ರದೇಶ ಹಾವು ಕಡಿತವನ್ನು ಹಾಗೆ ಸಾರಿ 4 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಒಳ್ಳೆಯದೇ. ಆದರೆ ಅದು ಸತ್ತ ಮೇಲಿನ ಹಣ. ನಾವು ಕೇಳಬೇಕಾದದ್ದು ಬದುಕಿರುವಾಗಿನ ಹಣ.

ರಸ್ತೆಯ ಮಾತಿಗೆ ಬಂದರೆ ಅರಣ್ಯದ ಅಡ್ಡಿ ಎನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿ. ಗ್ರಾಮಸಭೆ ಶಿಫಾರಸು ಮಾಡಿದರೆ, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ, ಹೆಕ್ಟೇರಿಗೆ 75 ಮರಗಳ ಮಿತಿಯೊಳಗೆ ರಸ್ತೆ, ಔಷಧಾಲಯ, ಶಾಲೆಗಳಿಗೆ ಅದು ದಾರಿ ಬಿಡುತ್ತದೆ. ರಸ್ತೆ ಬರುವ ತನಕವೂ ಸುಮ್ಮನಿರಬೇಕಿಲ್ಲ. ಕಾವೇರಿಯಾಚೆ ಕರ್ನಾಟಕದ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಿಗೆ ಅರಣ್ಯ ಇಲಾಖೆ 2022ರಲ್ಲಿ ಜನ-ವನ ಸಾರಿಗೆಯ ಜೀಪುಗಳನ್ನು ಬಿಟ್ಟಿತು. ಇಲಾಖೆ ಮನಸ್ಸು ಮಾಡಿದರೆ ಕಾಡುದಾರಿಯಲ್ಲೇ ಗಾಡಿ ಓಡುತ್ತದೆ. ಹೆರಿಗೆಗೆ ಮುಂಚೆ ಬೆಟ್ಟದ ಹೆಣ್ಣುಮಕ್ಕಳು ಬಂದು ತಂಗುವ ಕೋಣೆಗಳು ತಮಿಳುನಾಡಿನಲ್ಲೇ ಇವೆ. ಅವುಗಳಲ್ಲಿ ಜೊತೆಗೆ ಬಂದವರ ಊಟಕ್ಕೂ ಕಳೆದುಹೋದ ಕೂಲಿಗೂ ದುಡ್ಡಿಟ್ಟರೆ ಮಾತ್ರ ಆ ಹಾಸಿಗೆಗಳು ತುಂಬುತ್ತವೆ.

ಈ ಎರಡು ದಿನಗಳ ಗೋಷ್ಠಿಗಳಿಂದ ನಾನು ಬಯಸುವುದು ಒಂದು ಪಟ್ಟಿ. ಪಾಲಕೋಡ್, ಪೆನ್ನಾಗರಂ, ಅರೂರು, ಏರ್ಕಾಡು ತಾಲ್ಲೂಕುಗಳ ಪ್ರತಿ ಹಟ್ಟಿಯ ಹೆಸರು. ಅಲ್ಲಿಂದ ಗಾಡಿ ನಿಲ್ಲುವ ಜಾಗಕ್ಕೆ ಬೇಸಿಗೆಯಲ್ಲಿ ಎಷ್ಟು ಹೊತ್ತು, ಮಳೆಗಾಲದಲ್ಲಿ ಎಷ್ಟು ಹೊತ್ತು. ಅಲ್ಲಿಂದ ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆಗೆ ಎಷ್ಟು ಹೊತ್ತು. ಫೋನಿನ ಸಿಗ್ನಲ್ ಸಿಗುವ ಬಂಡೆ ಯಾವುದು. ಬೆಟ್ಟದಿಂದ ಬಂದಿರುವ ನೀವು ಹೇಳಿ, ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಮುಂದಿನ ಬಜೆಟ್ಟಿನ ಪ್ರಸ್ತಾವಗಳು ಹೋಗುವ ಮೊದಲೇ ಆ ಪಟ್ಟಿ ಧರ್ಮಪುರಿ, ಸೇಲಂ ಎರಡೂ ಜಿಲ್ಲೆಗಳ ಕಲೆಕ್ಟರ್ ಕಚೇರಿಗಳನ್ನು ಮುಟ್ಟಬೇಕು.