ಹಳೆಯ ಗಣಕ, ದೂರದ ದನಿ



ನಾವು ವಿಜ್ಞಾನಿಗಳಲ್ಲ, ಕಾಸರಗೋಡಿನ ಈ ಶಾಲೆಯಲ್ಲಿ ಕನ್ನಡದಲ್ಲೇ ಗ್ರಹಗಳ ಹೆಸರು ಕಲಿತ ಹವ್ಯಾಸಿಗಳು.

1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ಗಣಕಗಳ ಸ್ಮೃತಿ ಸುಮಾರು 70 ಕಿಲೋಬೈಟ್. ನಮ್ಮ ಮೊಬೈಲಿನ ಒಂದು ಛಾಯಾಚಿತ್ರಕ್ಕೂ ಸಾಲದು. 2023ರ ನವೆಂಬರಿನಲ್ಲಿ ಒಂದು ಚಿಪ್ ಕೆಟ್ಟು, ಅದರ ಸಂದೇಶಗಳು ಅರ್ಥಹೀನವಾದವು. ಆಜ್ಞೆಯೊಂದು ಅಲ್ಲಿಗೆ ತಲುಪಲು 22 ಗಂಟೆಗೂ ಮಿಕ್ಕ ಕಾಲ ಬೇಕು. ಆದರೂ ಎಂಜಿನಿಯರರು ಹಳೆಯ ಕಡತಗಳನ್ನು ತಿರುವಿ, ಕೆಟ್ಟ ಚಿಪ್ಪಿನಲ್ಲಿದ್ದ ಕ್ರಮವಿಧಿಯನ್ನು ತುಂಡುತುಂಡಾಗಿಸಿ, ಉಳಿದ ಸ್ಮೃತಿಯಲ್ಲಿ ಅದಕ್ಕೆ ಎಡೆ ಮಾಡಿಕೊಟ್ಟರು. 2024ರ ಏಪ್ರಿಲಿನಲ್ಲಿ ನೌಕೆ ಮತ್ತೆ ಮಾತಾಡಿತು.

ಕನ್ನಡದಲ್ಲಿ ಓದಿದರೆ ವಿಜ್ಞಾನ ಒಲಿದೀತೇ ಎಂದು ಹೆತ್ತವರು ಅಳುಕುವ ಕಾಲವಿದು. ನೌಕೆಯನ್ನು ಉಳಿಸಿದ್ದು ಉಪಕರಣದ ಹೊಸತನವಲ್ಲ, ಅದನ್ನು ಬುಡಮಟ್ಟ ಅರಿತವರ ತಿಳಿವು. ಅಂಥ ತಿಳಿವು ಬೇರೂರುವುದು ಮಗು ಅಳುಕಿಲ್ಲದೆ ಪ್ರಶ್ನೆ ಕೇಳಬಲ್ಲ ಭಾಷೆಯಲ್ಲಿ. ಆ ಭಾಷೆಯನ್ನು ನಮಗೆ ಈ ಶಾಲೆ ಕೊಟ್ಟಿತು.