ಕೆಂಗೇರಿ ಮೋರಿ ಅಲ್ಲ, ವೃಷಭಾವತಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ಸಾಲ, ಉಳಿತಾಯ, ಬಡ್ಡಿ ಲೆಕ್ಕ ಬಿಟ್ಟು ಈ ಸಲ ನದಿಯ ವಿಷಯ ಯಾಕೆ ಅಂತ ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಇಲ್ಲಿ ಕೂತವರಲ್ಲಿ ಕೆಲವರ ಮನೆ ರಾಜಕಾಲುವೆಯ ಗೋಡೆಗೆ ಆತುಕೊಂಡೇ ಇದೆ. ಇನ್ನು ಕೆಲವರು ಬಿಡದಿ, ಬೈರಮಂಗಲದ ಕಡೆಯಿಂದ ಬಂದಿದ್ದೀರಿ, ಅದೇ ನೀರಿನಲ್ಲಿ ಹುಲ್ಲು ಬೆಳೆದು ಹಸು ಸಾಕುತ್ತೀರಿ. ಒಂದೇ ನೀರು ಇಬ್ಬರ ಬಾಗಿಲಲ್ಲೂ ಹಾದು ಹೋಗುತ್ತದೆ. ನದಿ ಸರಿಮಾಡುತ್ತೇವೆ ಅಂತ ಯೋಜನೆ ಬಂದರೆ ಅಳತೆ ಟೇಪು ಮೊದಲು ಬೀಳುವುದು ನಮ್ಮ ಅಂಗಳದಲ್ಲೇ. ಅದಕ್ಕೇ ಈ ಮಾತು.

ಕೆಂಗೇರಿ ಮೋರಿ ಅಂತ ನಾವು ಮೂಗು ಮುಚ್ಚಿಕೊಂಡು ದಾಟುವುದು ನಿಜವಾಗಿ ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದವಳು ಎಂಬ ನಂಬಿಕೆಯಿಂದಲೇ ಆ ಹೆಸರು. ಮಲ್ಲೇಶ್ವರದ ನಂದಿ ತೀರ್ಥದಲ್ಲಿ ಹುಟ್ಟಿದವಳು ಅನ್ನುವವರೂ ಇದ್ದಾರೆ. ಎರಡೂ ಇರಬಹುದು, ನದಿಗೆ ತವರು ಒಂದೇ ಆಗಬೇಕಿಲ್ಲ. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ, ಬೈರಮಂಗಲ ಜಲಾಶಯಕ್ಕೆ ಬಂದು, ಮುಂದೆ ಅರ್ಕಾವತಿ ಸೇರುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತದೆ.

ಕೆಟ್ಟಿದ್ದು ಹೇಗೆ? 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ನೀರು. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಆಯಿತು. ನಲ್ಲಿಯಲ್ಲಿ ಬಂದ ಹತ್ತು ಕೊಡ ನೀರಿನಲ್ಲಿ ಸುಮಾರು ಎಂಟು ಕೊಡ ಬಚ್ಚಲು, ಪಾಯಿಖಾನೆ, ಪಾತ್ರೆ ತೊಳೆಯುವ ಕಡೆಯಿಂದ ಹೊರಗೆ ಹೋಗಲೇಬೇಕು. ನೀರು ತರುವ ಪೈಪು ಬಂದಷ್ಟು ಬೇಗ ಕೊಳಚೆ ಒಯ್ಯುವ ಪೈಪು ಬರಲಿಲ್ಲ. ಬಂದ ಕಡೆ ಒಡೆದು ಹೋಯಿತು, ಇಲ್ಲವೇ ಮಳೆನೀರಿನ ಕಾಲುವೆಗೇ ಜೋಡಿಸಿಬಿಟ್ಟರು. ಮೇಲಿನಿಂದ ಪೀಣ್ಯದ ಕಾರ್ಖಾನೆಗಳ ನೀರೂ ಸೇರಿತು. ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಸಣ್ಣಗಾಗುತ್ತಿದ್ದ ಹೊಳೆ ಈಗ ಹನ್ನೆರಡು ತಿಂಗಳೂ ಹರಿಯುತ್ತದೆ. ಬೇಸಿಗೆಯಲ್ಲಿ ಹರಿಯುವುದು ಹೆಚ್ಚುಕಡಿಮೆ ಪೂರ್ತಿ ನಾವು ಬಳಸಿ ಬಿಟ್ಟ ಕಾವೇರಿಯೇ. ನೋಡಿ ಎಂಥ ಸುತ್ತು! ಕಾವೇರಿಯಿಂದ ತಂದದ್ದನ್ನು ಕೊಳೆ ಮಾಡಿ ಕಾವೇರಿಗೇ ವಾಪಸು ಕಳಿಸುತ್ತಿದ್ದೇವೆ. ನಾವು ನೀರು ಎತ್ತುವ ಜಾಗ ಸಂಗಮಕ್ಕಿಂತ ಮೇಲಿದೆ, ಹಾಗಾಗಿ ನಮಗೆ ತಟ್ಟುವುದಿಲ್ಲ. ತಟ್ಟುವುದು ಕೆಳಗಿನವರಿಗೆ.

ಹಾಗಾದರೆ ನದಿಯನ್ನು ಮತ್ತೆ ಬದುಕಿಸುವ ಯೋಜನೆ ಎಲ್ಲಿಂದ ಶುರುವಾಗಬೇಕು? ದಡದಲ್ಲಿ ಕಲ್ಲುಬೆಂಚು, ದೀಪದ ಕಂಬ, ನಡೆಯುವ ದಾರಿ, ಇವು ಫೋಟೋಗೆ ಚೆನ್ನ. ಗಾಯ ತೊಳೆಯದೆ ಮೇಲೆ ಪಟ್ಟಿ ಕಟ್ಟಿದ ಹಾಗೆ ಅದು. ಮೊದಲ ಕೆಲಸ ಕಣ್ಣಿಗೆ ಕಾಣದ್ದು: ಪ್ರತಿ ಬೀದಿಯಲ್ಲಿ ಎಲ್ಲೆಲ್ಲಿ ಕೊಳಚೆ ಕಾಲುವೆಗೆ ಬೀಳುತ್ತಿದೆ ಎಂದು ಪಟ್ಟಿ ಮಾಡಿ, ಅದನ್ನು ಯುಜಿಡಿ ಲೈನಿಗೆ ತಿರುಗಿಸಿ, ಶುದ್ಧೀಕರಣ ಘಟಕಕ್ಕೆ ಮುಟ್ಟಿಸುವುದು. ಲೈನೇ ಇಲ್ಲದ ಬೀದಿಯಲ್ಲಿ ಬಡವರ ಮನೆಯ ಪೈಪು ತೋರಿಸಿ ಬೈದರೆ ಏನು ಬಂತು? ಲೈನು ಹಾಕಿಸಿಕೊಡಬೇಕು.

ಕಾರ್ಖಾನೆಯ ನೀರಿನದು ಬೇರೆಯೇ ಕಥೆ. ಮನೆಯ ಕೊಳಚೆಯನ್ನು ಘಟಕದಲ್ಲಿ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ. ಲೋಹಕ್ಕೆ ಹೊಳಪು ಲೇಪಿಸುವ ಕಡೆಯಿಂದ ಬರುವ ಕ್ರೋಮಿಯಂ, ನಿಕ್ಕಲ್ ಅಂಥವನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಅವು ಹೂಳಿನಲ್ಲಿ ಕೂರುತ್ತವೆ, ಗದ್ದೆಗೆ ಹೋಗುತ್ತವೆ, ಸೊಪ್ಪಿಗೆ ಏರುತ್ತವೆ. ಅದನ್ನು ಕಾರ್ಖಾನೆಯ ಗೇಟಿನೊಳಗೇ ಹಿಡಿಯಬೇಕು. ತಿಂಗಳಿಗೊಮ್ಮೆ ಹಗಲು ಹೊತ್ತು ಬಂದು ಬಾಟಲಿ ತುಂಬಿಸಿಕೊಂಡು ಹೋದರೆ ರಾತ್ರಿ ಬಿಟ್ಟದ್ದು ಗೊತ್ತಾಗುವುದಿಲ್ಲ. ದಡದಲ್ಲಿ ವಾಸಿಸುವ ಹೆಂಗಸರಿಗೆ ಗೊತ್ತಾಗುತ್ತದೆ. ಯಾವ ಹೊತ್ತಿಗೆ ನೀರಿನ ಬಣ್ಣ ತಿರುಗಿತು, ಯಾವಾಗ ಕಣ್ಣು ಉರಿಯಿತು ಅಂತ. ಅಂಥದ್ದನ್ನು ಬರೆದಿಡುವ ಪುಸ್ತಕ ಯಾವ ಇಲಾಖೆಯಲ್ಲೂ ಇಲ್ಲದಿದ್ದರೆ ನಮ್ಮ ನಡಾವಳಿ ಪುಸ್ತಕದಲ್ಲಿ ಇರಲಿ. ತಾರೀಕು, ಗಂಟೆ, ಜಾಗ, ಇಷ್ಟು ಸಾಕು. ಹಾಗೆಯೇ ಹೂಳೆತ್ತಿದರು ಅಂತ ಖುಷಿಪಡುವ ಮುಂಚೆ ಆ ಹೂಳು ಎಲ್ಲಿಗೆ ಹೋಯಿತು ಕೇಳಬೇಕು. ಕಪ್ಪು ಮಣ್ಣು ಗೊಬ್ಬರ ಅಂತ ತಂದು ಕುಂಡಕ್ಕೆ, ಸೊಪ್ಪಿನ ಪಾತಿಗೆ ಹಾಕಬೇಡಿ.

ಅಹಮದಾಬಾದಿನ ಸಾಬರಮತಿಯ ವಿಷಯ ಕೇಳಿ. 2005ರಲ್ಲಿ ಕೆಲಸ ಶುರುವಾಗಿ 2012ರಲ್ಲಿ ದಡದ ದಾರಿಯನ್ನು ಜನಕ್ಕೆ ತೆರೆದರು. ಊರೊಳಗೆ ನದಿ ತುಂಬಿ ಕಾಣುತ್ತದೆ, ಆ ನೀರು ನರ್ಮದಾ ಕಾಲುವೆಯಿಂದ ಬಂದದ್ದು. ದಡದಲ್ಲಿದ್ದ ಸಾವಿರಾರು ಕುಟುಂಬಗಳು ಊರಂಚಿಗೆ ಹೋದವು. ಹತ್ತಿರದ ಮನೆಗೆಲಸ, ಬೀದಿ ವ್ಯಾಪಾರ ನಂಬಿದ್ದವರಿಗೆ ಬಸ್ಸಿನ ಖರ್ಚೇ ಕೂಲಿಯನ್ನು ತಿಂದಿತು. ಊರು ದಾಟಿದ ಮೇಲೆ ನದಿಯ ಮಾಲಿನ್ಯ ಎಷ್ಟಿತ್ತೆಂದರೆ, 2021ರಲ್ಲಿ ಗುಜರಾತ್ ಹೈಕೋರ್ಟು ತಾನಾಗಿಯೇ ಕೇಸು ಎತ್ತಿಕೊಂಡಿತು. ನದಿದಂಡೆ ಬೇರೆ, ನದಿ ಬೇರೆ.

ನಮ್ಮಲ್ಲೂ ಕಾಲುವೆಯಿಂದ ಎಷ್ಟು ದೂರ ಬಿಡಬೇಕು ಅನ್ನೋ ಜಗಳ ಹಳೆಯದು. ಹಸಿರು ನ್ಯಾಯಮಂಡಳಿ 2016ರಲ್ಲಿ ಅಂತರ ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ರದ್ದು ಮಾಡಿತು. ನದಿಗೆ ಹರಡಿಕೊಳ್ಳಲು ಜಾಗ ಬೇಕು, ಇದರಲ್ಲಿ ಎರಡು ಮಾತಿಲ್ಲ. ಎರಡೂ ಕಡೆ ಕಾಂಕ್ರೀಟು ಗೋಡೆ ಎಬ್ಬಿಸಿದರೆ ಮಳೆನೀರು ನುಗ್ಗಿ ಕೆಳಗಿನ ಮನೆಗೆ ಹೊಕ್ಕುತ್ತದೆ, ಮಣ್ಣಿಗೂ ಇಳಿಯುವುದಿಲ್ಲ. ಮಣ್ಣಿನ ಇಳಿಜಾರು ದಡ, ಜೊಂಡು, ಲಾವಂಚ, ಮೇಲೆ ಹೊಂಗೆ, ನೇರಳೆ ಇದ್ದರೆ ನೀರು ನಿಧಾನವಾಗುತ್ತದೆ. ಆದರೆ ಆ ಜಾಗ ಬಿಡಿಸುವಾಗ ಶೀಟಿನ ಮನೆ ಒಂದೇ ದಿನದಲ್ಲಿ ಹೋಗಿ, ದೊಡ್ಡ ಕಟ್ಟಡದ ಕೇಸು ಇಪ್ಪತ್ತು ವರ್ಷ ನಡೆಯುವುದು ಯೋಜನೆಯಲ್ಲ. ಯಾರನ್ನಾದರೂ ಎಬ್ಬಿಸಲೇಬೇಕಾದರೆ ಮೊದಲು ಮನೆ, ಆಮೇಲೆ ತೆರವು; ಮನೆಯೂ ಕೆಲಸದ ಜಾಗಕ್ಕೆ, ಮಕ್ಕಳ ಶಾಲೆಗೆ ಹತ್ತಿರ ಇರಬೇಕು; ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರೂ ಇರಬೇಕು.

ಇನ್ನು ಬೈರಮಂಗಲದ ಅಕ್ಕಂದಿರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. 1940ರ ದಶಕದಲ್ಲಿ ನೀರಾವರಿಗೆ ಕಟ್ಟಿದ ಜಲಾಶಯ ಅದು. ಈಗ ನೊರೆ ಬರುವ ನೀರೇ ಅಲ್ಲಿನ ಬೆಳೆಗೆ ಆಧಾರ. ಕೊಳಚೆಯನ್ನೆಲ್ಲ ಮೇಲೆಯೇ ಹಿಡಿದು, ಶುದ್ಧ ಮಾಡಿ, ಪಂಪಿನಲ್ಲಿ ಬೇರೆ ತಾಲ್ಲೂಕಿನ ಕೆರೆಗಳಿಗೆ ಕಳಿಸಿದರೆ ಬೇಸಿಗೆಯಲ್ಲಿ ನದಿಯಲ್ಲಿ ಏನು ಉಳಿಯುತ್ತದೆ? 2018ರಲ್ಲಿ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗತೊಡಗಿತು. ಒಣಗಿದ ಕೆರೆ ತುಂಬಿತು, ಬಾವಿಗಳಲ್ಲಿ ನೀರು ಕಂಡಿತು. ಶುದ್ಧೀಕರಣ ಇನ್ನೊಂದು ಹಂತ ಆಗಬೇಕು ಎಂಬ ತಕರಾರೂ ಎದ್ದಿತು. ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಆದರೂ ವೃಷಭಾವತಿಯ ಯೋಜನೆಯಲ್ಲಿ ನದಿಗೆ ಇಷ್ಟು, ಬೈರಮಂಗಲಕ್ಕೆ ಇಷ್ಟು, ಹೊರಗಿನ ಕೆರೆಗಳಿಗೆ ಇಷ್ಟು ಅಂತ ಮೊದಲೇ ಬರೆದಿರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಒಬ್ಬರ ಕಾಯಿಲೆ ಗುಣಮಾಡಲು ಹೋಗಿ ಇನ್ನೊಬ್ಬರ ಅನ್ನ ಕಿತ್ತುಕೊಳ್ಳಬಾರದು.

ಈಗ ಕೈಯಲ್ಲಾಗುವ ಕೆಲಸ. ವಾರ್ಡ್ ಸಮಿತಿ ಸಭೆ ಯಾವಾಗ ಅಂತ ಪ್ರತಿ ಸಂಘದ ಪ್ರತಿನಿಧಿ ವಿಚಾರಿಸಿ ಬರಲಿ. ಜಲಮಂಡಳಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕೋಣ: ನಮ್ಮ ಬೀದಿಯಲ್ಲಿ ಯುಜಿಡಿ ಲೈನ್ ಇದೆಯೇ, ಇದ್ದರೆ ಯಾವ ಘಟಕಕ್ಕೆ ಸೇರುತ್ತದೆ, ಇಲ್ಲದಿದ್ದರೆ ಯಾವ ವರ್ಷದ ಯೋಜನೆಯಲ್ಲಿದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಲಗತ್ತಿಸಿದರಾಯಿತು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬರೆಯಲು ಬಾರದವರು ಹೇಳಿ, ಬರುವವರು ಬರೆಯಿರಿ. ಸ್ವೀಕೃತಿ ಸೀಲು ಹಾಕಿಸಿಕೊಂಡ ಪ್ರತಿಯನ್ನು ಮುಂದಿನ ತಿಂಗಳ ಸಭೆಗೆ ತನ್ನಿ, ಉಳಿತಾಯದ ಲೆಕ್ಕ ಮುಗಿದ ಕೂಡಲೇ ಅದನ್ನೇ ಓದೋಣ.